ಬೇಗಡೆಯ ಮಧ್ಯಮ

"ಬೇಗಡೆ ರಾಗ ಬೇಡ," ಎಂದರು ಸರ್ವೋತ್ತಮರು. ಕಮಾನನ್ನು ತಂತಿಯಿಂದ ಎತ್ತದೆಯೇ ಹೇಳಿದ್ದರಿಂದ ಮಾತಿನ ಜೊತೆಗೆ ಪಿಟೀಲಿನಿಂದ ಒಂದು ಕೀರಲು ಸದ್ದೂ ಬಂತು. "ಮೋಹನ ಹಾಡು. ಮೋಹನದಲ್ಲಿ ನಿನ್ನ ಧ್ವನಿ ಚೆಂದ ತೆರೆಯುತ್ತದೆ."

ಯಶ್ಮಿತಾ ಶ್ರುತಿಪೆಟ್ಟಿಗೆಯ ಸದ್ದು ತಗ್ಗಿಸಿ ಅವರ ಮುಖ ನೋಡಿದಳು. ಕಾಪುವಿನ ಅವಳ ಮನೆಯ ಚಾವಡಿಯಲ್ಲಿ ಇಬ್ಬರೂ ಬೆಳಗಿನಿಂದ ಕುಳಿತಿದ್ದರು. ಮಣಿಪಾಲದ ಸಂಗೀತ ಸಭೆಯಲ್ಲಿ ಅವಳ ಕಛೇರಿ ಹತ್ತಿರ ಬಂದಿತ್ತು. ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತ, ಬಸ್ಸಿನಲ್ಲಿ ಹೋಗುವಾಗ ಬರುವಾಗ ಬಾಯೊಳಗೇ ಸ್ವರ ಹಾಕಿಕೊಳ್ಳುತ್ತ, ವರ್ಷಗಟ್ಟಲೆ ಕಾದ ಮೇಲೆ ಸಿಕ್ಕಿದ ಅವಕಾಶ. ಸಂಜೆಯ ಪ್ರಧಾನ ಕಛೇರಿಯೇ ಅವಳದ್ದು, ಪಕ್ಕವಾದ್ಯದ ಪಿಟೀಲು ಸರ್ವೋತ್ತಮರದ್ದು.

"ಮೋಹನ ಎಲ್ಲರೂ ಹಾಡುತ್ತಾರಲ್ಲ ಮಾಸ್ಟ್ರೇ. ಬೇಗಡೆಯಲ್ಲಿ ಪಲ್ಲವಿ ಕಟ್ಟಿದ್ದೇನೆ. ಚೆಂದ ಉಂಟು ಅಂತ ಹೇಳಿದ್ದು ನೀವೇ ಅಲ್ವಾ?"

"ಹೇಳಿದ್ದು ಹೌದು. ಆಗಿನ ಮಾತು ಬೇರೆ."

"ಈಗ ಎಂತ ಆಯಿತು?"

ಅವರು ಪಿಟೀಲಿನ ಸರಿಯಾಗಿಯೇ ಇದ್ದ ಬಿರಡೆಯನ್ನು ತಿರುಗಿಸತೊಡಗಿದರು.

ಆದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹಿಂದಿನ ತಿಂಗಳು ಒಂದು ಬೆಳಿಗ್ಗೆ ಉಡುಪಿ ಕಡಿಯಾಳಿಯ ತಮ್ಮ ಮನೆಯಲ್ಲಿ ಎದ್ದಾಗ ಎಡಗಿವಿಯೊಳಗೆ ನೀರು ನಿಂತ ಹಾಗಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ ಅದು ಎರಡು ಸ್ವರಗಳಲ್ಲಿ ಕೂಗಿತು. ಬಲಗಿವಿಗೆ ಒಂದು, ಎಡಗಿವಿಗೆ ಅದಕ್ಕಿಂತ ಒಂಚೂರು ಮೇಲಿನದು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಶ್ರುತಿ ಹಾಕಿದರು. ಷಡ್ಜವೂ ಎರಡಾಗಿ ಒಡೆದು ಒಂದನ್ನೊಂದು ಉಜ್ಜುತ್ತಿತ್ತು. ಕಿವಿಯ ಡಾಕ್ಟರು ಒಳಗಿನ ನರದ ತೊಂದರೆ ಎಂದರು, ಮಾತ್ರೆ ಕೊಟ್ಟರು, ಸರಿಯಾಗಬಹುದು, ಆಗದೆಯೂ ಇರಬಹುದು ಎಂದರು. ಆ ಮಾತ್ರೆಗಳನ್ನು ಹೆಂಡತಿಗೆ ಕಾಣದಂತೆ ಪಿಟೀಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ಮೋಹನವಾದರೆ ಬೆರಳುಗಳಿಗೆ ದಾರಿ ಗೊತ್ತು. ಇಷ್ಟು ವರ್ಷಗಳ ಅಭ್ಯಾಸ ಕಿವಿಯನ್ನು ಕೇಳದೆಯೂ ಅವುಗಳನ್ನು ತಂದು ನಿಲ್ಲಿಸುತ್ತದೆ. ಬೇಗಡೆಯ ಮಧ್ಯಮ ಹಾಗಲ್ಲ. ಅದು ಇದ್ದ ಜಾಗದಲ್ಲಿ ನೆಟ್ಟಗೆ ನಿಲ್ಲದ ಸ್ವರ. ಸ್ವಲ್ಪ ಏರಿಸಿ, ಅಲುಗಿಸಿ, ಕಿವಿ ಸಾಕು ಎಂದಲ್ಲಿ ಬೆರಳು ನಿಲ್ಲಿಸಬೇಕು. ಕಿವಿಯೇ ಸುಳ್ಳು ಹೇಳಿದರೆ?

"ಒಂದು ಸಲ ನೋಡುವ ಮಾಸ್ಟ್ರೇ. ಆಗದಿದ್ದರೆ ಬಿಡುವ," ಎಂದು ಯಶ್ಮಿತಾ ಆಲಾಪನೆ ಎತ್ತಿಕೊಂಡಳು.

ಅವರು ಹಿಂಬಾಲಿಸಿದರು. ಅವಳ ಧ್ವನಿ ಬಲಗಿವಿಗೆ, ತನ್ನ ಪಿಟೀಲು ಎಡಗಿವಿಗೆ. ಪಿಟೀಲು ಮೇಲೆ ಹೋಗುತ್ತಿದೆ ಅನ್ನಿಸಿ ಬೆರಳನ್ನು ತುಸು ಹಿಂದಕ್ಕೆ ಸರಿಸಿದರು. ಆಗ ಅವಳು ತಡವರಿಸಿದಳು. ಮತ್ತೆ ಎತ್ತಿಕೊಂಡಳು, ಮತ್ತೆ ಮಧ್ಯಮದಲ್ಲೇ ತಡವರಿಸಿ ನಿಂತಳು.

"ನನ್ನದು ಶ್ರುತಿ ಬಿಟ್ಟು ಮೇಲೆ ಹೋಗುತ್ತಾ ಉಂಟು ಅಲ್ವಾ?"

ಇಲ್ಲ ಎನ್ನಲು ಅವರು ಬಾಯಿ ತೆರೆದರು. "ಸ್ವಲ್ಪ," ಎಂಬ ಮಾತು ಹೊರಗೆ ಬಂತು. "ಅದಕ್ಕೇ ನಾನು ಮೋಹನ ಅಂತ ಹೇಳಿದ್ದು."

ಅವಳು ತಲೆಯಾಡಿಸಿದಳು. ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋದಳು.

ಅವಳು ಹೋದ ಕೂಡಲೇ ಅವಳ ತಾಯಿ ಕುಶಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಮಾಸ್ಟ್ರೇ, ನಿಮ್ಮಲ್ಲಿ ಒಂದು ಮಾತು. ಅವಳಿಗೆ ಹೇಳಬೇಡಿ," ಎಂದು ಧ್ವನಿ ತಗ್ಗಿಸಿದರು. "ಅವಳು ಸರಿಯಾಗಿ ಊಟ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಶ್ರುತಿ ತೋರಿಸುವ ಎಂಥದ್ದೋ ಹಾಕಿಕೊಂಡು ಹಾಡುತ್ತಾಳೆ. ಮೊಬೈಲು ಸರಿ ಅನ್ನುತ್ತದಂತೆ. ನೀವು ಬಂದು ಕೂತರೆ ಮಾತ್ರ ಸೇರುವುದಿಲ್ಲವಂತೆ. ಮಾಸ್ಟ್ರಿಗೆ ಸೇರದಿದ್ದರೆ ತಪ್ಪು ನನ್ನದೇ, ನನ್ನ ಗಂಟಲು ಹೋಯಿತು ಅಂತ ಅಳುತ್ತಾಳೆ. ಇವತ್ತೂ ಸರಿಯಾಗದಿದ್ದರೆ ಸಭೆಯವರಿಗೆ ಫೋನ್ ಮಾಡಿ ಬೇಡ ಅಂತ ಹೇಳುತ್ತಾಳಂತೆ. ನೀವೇ ಸ್ವಲ್ಪ ಧೈರ್ಯ ಹೇಳಿ."

ಸರ್ವೋತ್ತಮರು ಕಮಾನು ಕೆಳಗಿಟ್ಟರು. ಹೊರಗೆ ಮೆಟ್ಟಿಲ ಬಳಿ ಚಪ್ಪಲಿ ಇತ್ತು. ಜ್ವರ ಬಂದ ಹಾಗಿದೆ ಎಂದು ಹೇಳಿ ಎದ್ದರೆ ಉಡುಪಿಯ ಬಸ್ಸು ಸಿಗುತ್ತದೆ. ಪಕ್ಕವಾದ್ಯದವನ ಕಿವಿ ಹೋಗಿದೆ ಎಂಬ ಸುದ್ದಿ ಒಮ್ಮೆ ಹೊರಬಿದ್ದರೆ ಉಡುಪಿಯಿಂದ ಕಾರ್ಕಳದವರೆಗೆ ಯಾರೂ ಮತ್ತೆ ಕರೆಯಲಾರರು. ಪಿಟೀಲು ಬಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ.

ಯಶ್ಮಿತಾ ಒಳಗಿನಿಂದ ಬಂದಳು. ಮುಖ ತೊಳೆದುಕೊಂಡಿದ್ದಳು. ಕೈಯಲ್ಲಿ ಮೊಬೈಲು ಇತ್ತು, ಹೆಬ್ಬೆರಳು ಅದರ ಮೇಲಿತ್ತು.

"ಫೋನ್ ಇಡು," ಎಂದರು ಸರ್ವೋತ್ತಮರು. ತನ್ನ ಧ್ವನಿ ತನಗೇ ದೂರದಿಂದ ಕೇಳಿಸಿತು. "ನಿನ್ನ ಶ್ರುತಿ ಸರಿ ಉಂಟು. ತಗ್ಗುತ್ತಾ ಇರುವುದು ನನ್ನದು. ನನಗೆ ಎಡದ ಕಿವಿಯಲ್ಲಿ ಎಲ್ಲ ಮೇಲೆ ಕೇಳುತ್ತದೆ. ಒಂದು ತಿಂಗಳಾಯಿತು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೊಬೈಲು ಹಿಡಿದ ಕೈ ಇಳಿಯಿತು.

"ಈಗ ನಾನು ಕೇಳಿದೆನಲ್ಲ? ನಿಮ್ಮ ಎದುರೇ ಕೇಳಿದೆನಲ್ಲ? ಸ್ವಲ್ಪ ಅಂದಿರಿ."

"ಹೆದರಿಕೆ ಆಯಿತು."

"ನಾನು ಗಂಟಲೊಳಗೆ ಕ್ಯಾಮೆರಾ ಇಳಿಸಿಕೊಂಡು ಬಂದಿದ್ದೇನೆ ಮಾಸ್ಟ್ರೇ! ಡಾಕ್ಟರು ಎಂತ ಇಲ್ಲ ಅಂದರೂ ನಂಬಲಿಲ್ಲ. ನಿಮ್ಮ ಪಿಟೀಲನ್ನು ನಂಬಿದೆ."

ಕುಶಲಾ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ಸಣ್ಣಗೆ ಮಿಡಿಯುತ್ತಿತ್ತು.

"ಪ್ರತೀಕನನ್ನು ಕರೆಯುವ," ಎಂದರು ಸರ್ವೋತ್ತಮರು. "ನನ್ನ ಹತ್ತಿರವೇ ಕಲಿತವನು. ಬೇಗಡೆ ಚೆನ್ನಾಗಿ ನುಡಿಸುತ್ತಾನೆ. ನಾನೇ ಹೇಳುತ್ತೇನೆ ಅವನಿಗೆ."

ಯಶ್ಮಿತಾ ಚಾಪೆಯ ಮೇಲೆ ಕುಳಿತು, ಸಿಟ್ಟು ಇಳಿಯದ ಧ್ವನಿಯಲ್ಲೇ ಕೇಳಿದಳು. "ಬಲದ ಕಿವಿ?"

"ಅದು ಸರಿ ಉಂಟು."

"ವೇದಿಕೆಯಲ್ಲಿ ನಾನು ಇರುವುದು ನಿಮ್ಮ ಬಲಕ್ಕೆ."

"ಹೌದು."

"ಅಮ್ಮಾ, ಹತ್ತಿ ಉಂಟಾ?" ಎಂದು ಕೂಗಿದಳು. "ನೋಡುವ. ಆಗದಿದ್ದರೆ ಪ್ರತೀಕನಿಗೆ ಫೋನ್ ನಾನೇ ಮಾಡುತ್ತೇನೆ. ನನಗೆ ಇದು ಒಂದೇ ಕಛೇರಿ ಮಾಸ್ಟ್ರೇ."

ದೇವರ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ಕುಶಲಾ ತಂದುಕೊಟ್ಟರು. ಸರ್ವೋತ್ತಮರು ಅದನ್ನು ಎಡಗಿವಿಗೆ ತುರುಕಿಕೊಂಡಾಗ ಪ್ರಪಂಚದ ಅರ್ಧ ಮುಚ್ಚಿಹೋದ ಹಾಗಾಯಿತು. ಅವರು ನುಡಿಸಿದರು. ಅವಳು ಕಣ್ಣು ಮುಚ್ಚದೆ, ಅವರ ಬೆರಳುಗಳನ್ನೇ ನೋಡುತ್ತ ಕೇಳಿದಳು.

"ಇನ್ನೂ ಮೇಲೆ," ಎಂದಳು. ಪಿಟೀಲು ಕಲಿಯಲು ಬರುವ ಮಕ್ಕಳಿಗೆ ಸರ್ವೋತ್ತಮರೂ ಹೀಗೇ ಹೇಳುತ್ತಿದ್ದರು. "ಇನ್ನೊಂದು ಚೂರು. ಹಾಂ, ಅಲ್ಲಿ."

ಎರಡು ವಾರ ಅವರು ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ದಿನವೂ ಕಾಪುವಿಗೆ ಬಂದರು. ಕೆಲವು ದಿನ ಮಧ್ಯಮ ಸಿಕ್ಕಿತು, ಕೆಲವು ದಿನ ಸಿಗಲಿಲ್ಲ. ಸಿಗದ ದಿನ ಯಶ್ಮಿತಾ ಎದ್ದು ಒಳಗೆ ಹೋಗುತ್ತಿದ್ದಳು. ಪ್ರತೀಕನಿಗೆ ಮಾತ್ರ ಫೋನ್ ಮಾಡಲಿಲ್ಲ. ಕೊನೆಯ ದಿನ ಒಂದು ಒಪ್ಪಂದ ಮಾಡಿಕೊಂಡರು. ಪಿಟೀಲು ತಗ್ಗಿದರೆ ಅವಳು ತೊಡೆಯ ಮೇಲಿನ ತೋರುಬೆರಳು ಎತ್ತುವುದು, ಸರಿಯಾದಾಗ ಇಳಿಸುವುದು.

ಮಣಿಪಾಲದಲ್ಲಿ ಸಭಾಂಗಣ ತುಂಬಿತ್ತು. ಬೇಗಡೆಯ ಆಲಾಪನೆಯನ್ನು ಅವಳು ನಿಧಾನವಾಗಿ ಬೆಳೆಸಿ, ಮಧ್ಯಮದಲ್ಲಿ ನಿಂತು, ಷಡ್ಜಕ್ಕೆ ಇಳಿದು ಮುಗಿಸಿದಳು. ಎಡಗಿವಿಗೆ ಹತ್ತಿ ತುರುಕಿದ್ದ ಸರ್ವೋತ್ತಮರಿಗೆ ಚಪ್ಪಾಳೆ ಬಲಬದಿಯಿಂದ ಮಾತ್ರ ಕೇಳಿಸಿತು. ಈಗ ಪಿಟೀಲಿನ ಸರದಿ. ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಯಶ್ಮಿತಾ ಸಭಿಕರ ಕಡೆಯಿಂದ ತಿರುಗಿ ಅವರಿಗೆ ಎದುರಾಗಿ ಕುಳಿತಳು.

ಅವರು ಗಾಂಧಾರದಿಂದ ಮೇಲಕ್ಕೆ ಜಾರಿ ಮಧ್ಯಮ ಮುಟ್ಟಿದರು. ಹಸಿರು ಸೀರೆಯ ಮೇಲೆ ಅವಳ ತೋರುಬೆರಳು ಎದ್ದಿತು. ಅವರು ಏರಿಸಿದರು. ಬೆರಳು ಇಳಿಯಲಿಲ್ಲ. ಕಮಾನು ಮುಗಿಯುತ್ತಾ ಬಂದಿತ್ತು. ಉಸಿರು ಹಿಡಿದು ಇನ್ನೊಂದು ಎಳೆಯಷ್ಟು ಏರಿಸಿದರು.

ಬೆರಳು ಮೆಲ್ಲನೆ ಬಾಗಿ, ಸೀರೆಯ ನೆರಿಗೆಯ ಮೇಲೆ ಮಲಗಿತು.