ವೈದ್ಯರ ಸಂಘದ ಆಯಾರ

ನವಲಗುಂದ ತಾಲೂಕಿನ ವೈದ್ಯರ ಸಂಘದಲ್ಲಿ ಇದ್ದವರು ನಾಲ್ಕೇ ಜನ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಒಬ್ಬ ಖಜಾಂಚಿ, ಒಬ್ಬ ಕಾರ್ಯದರ್ಶಿ. ಬರೇ ಸದಸ್ಯ ಅನ್ನುವವನು ಒಬ್ಬನೂ ಇರಲಿಲ್ಲ. ಕಾರ್ಯದರ್ಶಿ ಅಣ್ಣಿಗೇರಿಯ ಪ್ರಭಂಜನ ಡಾಕ್ಟರು. ಸಂಘದಲ್ಲಿ ಬುದ್ಧಿವಂತ ತಾನೊಬ್ಬನೇ ಎಂದು ಅವರಿಗೆ ಗಟ್ಟಿ ನಂಬಿಕೆ. ಎಪ್ಪತ್ತೆಂಟರ ಚುನಾವಣೆಯ ತನಕ ಆ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಆ ವರ್ಷ ಅಣ್ಣಿಗೇರಿಗೆ ಸರಕಾರಿ ದವಾಖಾನೆ ಬರುತ್ತದೆಂದು ಸುದ್ದಿಯಾಯಿತು. ಬರಲಿ, ಬೇಡ ಅನ್ನಲಿಕ್ಕೆ ಅವರೇನು ಕಟುಕರೇ? ಆದರೆ ಜಾಗ ಗೊತ್ತು ಮಾಡಿದ್ದು ಮನೆಗೆ ಅಂಟಿಕೊಂಡಿದ್ದ ಅವರ ಸ್ವಂತ ದವಾಖಾನೆಯ ಎದುರಿನ ಬಯಲಿನಲ್ಲಿ. ಆ ಕಡೆ ಪುಕ್ಕಟೆ ಔಷಧ, ಈ ಕಡೆ ಎರಡು ರೂಪಾಯಿ ಫೀ, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ರಸ್ತೆ. ರೋಗಿಗೆ ಜ್ವರ ಬಂದಿರಬಹುದು, ಹುಚ್ಚು ಹಿಡಿದಿರುವುದಿಲ್ಲ. ಇಷ್ಟು ವರ್ಷ ಕಷ್ಟಪಟ್ಟು ಬೆಳೆಸಿದ ಪ್ರಾಕ್ಟೀಸು ಮಣ್ಣುಗೂಡುತ್ತದೆ, ತಲೆ ನರೆತ ಮೇಲೆ ಬೋರ್ಡು ಕಿತ್ತುಕೊಂಡು ಬೇರೆ ಊರು ನೋಡಬೇಕಾಗುತ್ತದೆ ಎಂದು ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಂಘದ ಸಭೆ ಕರೆದರು. ದವಾಖಾನೆಯನ್ನು ಸ್ಟೇಷನ್ನಿನ ಆಚೆಗೆ ಸಾಗಿಸಬೇಕು, ಅದಕ್ಕಾಗಿ ಚುನಾವಣೆಗೆ ನಿಂತ ಈರಬಸಪ್ಪ ಗೌಡರಿಗೆ ಸಂಘದಿಂದ ಸಾವಿರದ ಒಂದು ರೂಪಾಯಿ ದೇಣಿಗೆ ಕೊಡಬೇಕು ಎಂದು ಠರಾವಾಯಿತು. ಇವತ್ತು ಅಣ್ಣಿಗೇರಿಗೆ ಬಂದದ್ದು ನಾಳೆ ತಮ್ಮ ಬಾಗಿಲಿಗೂ ಬಂದೀತೆಂದು ಉಳಿದವರೂ ಗೊಣಗದೆ ದುಡ್ಡು ಬಿಚ್ಚಿದರು.

"ಆದ್ರ ಗುಟ್ಟಾಗಿರ್ಲಿ," ಎಂದರು ಅಧ್ಯಕ್ಷ ಪಾಂಡುರಂಗ ಡಾಕ್ಟರು. "ಎದುರು ನಿಂತಾನಲ್ಲ ಶಂಭುಲಿಂಗಪ್ಪ, ಅವನ ಬಳಗಾನೂ ನಮ್ಮ ಪೇಶಂಟ. ಗೊತ್ತಾತಂದ್ರ ಅವರ ಒಂದು ನೆಗಡೀನೂ ನಮಗ ಸಿಗೂದಿಲ್ಲ."

ಉಪಾಯ ಹೊಳೆದದ್ದು ಪ್ರಭಂಜನ ಡಾಕ್ಟರಿಗೇ. ಗೌಡರು ಚುನಾವಣೆಯ ನಡುವೆಯೇ ಮಗಳ ಮದುವೆ ಇಟ್ಟುಕೊಂಡಿದ್ದರು, ಒಂದೇ ಹಂದರದಲ್ಲಿ ಎರಡು ಕೆಲಸ. ಮದುವೆಯಲ್ಲಿ ಆಯಾರ ಕೊಡುವುದು ಲೋಕರೂಢಿ. ಅಷ್ಟೊಂದು ಉಡುಗೊರೆಗಳ ನಡುವೆ ಒಂದು ಪಾಕೀಟು ಯಾರ ಕಣ್ಣಿಗೆ ಬೀಳುತ್ತದೆ? ನೋಟುಗಳನ್ನು ಪಾಕೀಟಿನಲ್ಲಿಟ್ಟು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಸುತ್ತಲೂ ಬಿಗಿದರು. ಗೌಡರ ಕಿವಿಯಲ್ಲಿ ಹೇಳಬೇಕಾದ ಮಾತನ್ನು ಹೆಂಡತಿಯ ಮುಂದೆ ಒಪ್ಪಿಸಿಯೂ ನೋಡಿದರು: "ದವಾಖಾನಿ ಸ್ಟೇಷನ್ ಆಚೆ ಆಗ್ಲಿ, ಗೌಡ್ರ."

"ಅಲ್ಲರೀ, ಅವರ ಮದುವಿಯೊಳಗ ಯಾರದು ಎಷ್ಟು ಆಯಾರ ಅಂತ ಕೂಗ್ತಾರಲ್ಲಾ?" ಎಂದರು ನರ್ಮದಾಬಾಯಿ.

"ಡಾಕ್ಟರ ಸಂಘದ್ದು ಒಂದು ಪಾಕೀಟು ಅಂತ ಕೂಗ್ತಾರ, ಅಷ್ಟ. ಬಂದ್ ಮಾಡಿದ ಪಾಕೀಟು ಯಾರರೆ ಒಡೀತಾರೇನು?"

ಯಾರ ಮದುವೆಗೆ ಹೋದರೂ ಅಕ್ಷತೆ ಎಸೆದು, ಉಂಡು, ಆಯಾರ ಶುರುವಾಗುವ ಮೊದಲೇ ಎದ್ದು ಬರುತ್ತಿದ್ದ ದೊಡ್ಡ ಮನುಷ್ಯರು ಡಾಕ್ಟರು. ಪೇಶಂಟ್ ಕಾಯುತ್ತಿರುತ್ತಾರೆ ಎಂಬುದು ನೆವ. ಮಧ್ಯಾಹ್ನದ ಹೊತ್ತು ಅವರಿಗಾಗಿ ಕಾಯುತ್ತಿದ್ದದ್ದು ತಲೆದಿಂಬು ಮಾತ್ರ.

ಮದುವೆಯ ದಿನ ಹಂದರ ಕಿಕ್ಕಿರಿದಿತ್ತು. ಗೌಡರಿಗೆ ದೂರದ ಬೀಗನಾಗಬೇಕಾದ್ದರಿಂದ ಶಂಭುಲಿಂಗಪ್ಪನೂ ಮುಂದೆಯೇ ಜಮಖಾನೆಯ ಮೇಲೆ ಕೂತಿದ್ದ. ಆಯಾರ ಕೂಗುವವನು ಮಡಿವಾಳೆಪ್ಪ. ಅವನ ಗಂಟಲಿಗೆ ಮೈಕೇ ಬೇಕಿರಲಿಲ್ಲ, ಆದರೂ ಚುನಾವಣೆಗೆ ತಂದ ಮೈಕು ಕೈಗೆ ಸಿಕ್ಕಿತ್ತು.

"ಸೋದರಮಾವಂದು ಒಂದು ಸೀರಿ! ಯಮನೂರ ಬೀಗರದು ಐದು ರೂಪಾಯಿ!"

ಪ್ರಭಂಜನ ಡಾಕ್ಟರು ಪಾಕೀಟನ್ನು ಹರಿವಾಣದಲ್ಲಿಟ್ಟು ಗೌಡರ ಕಿವಿಯ ಕಡೆ ಬಾಗಿದರು. ಅಷ್ಟರಲ್ಲಿ ಬೆನ್ನ ಹಿಂದೆ ಪರ್ರನೆ ಅಂಟುಪಟ್ಟಿ ಕೀಳುವ ಸದ್ದು. ಎಷ್ಟೋ ಜನರ ಮೈಮೇಲಿಂದ ಅವರೇ ಕಿತ್ತ ಆ ಪಟ್ಟಿ ಎಷ್ಟು ನೋಯುತ್ತದೆಂದು ಅವರಿಗೆ ಅವತ್ತು ಗೊತ್ತಾಯಿತು.

"ಏ ಮಡಿವಾಳೆಪ್ಪ, ಒಡೀಬ್ಯಾಡೋ!"

"ಒಡೀದಿದ್ರ ಹ್ಯಾಂಗ್ರಿ ಸಾಹೇಬ್ರ? ಎಷ್ಟಂತ ತಿಳೀದಿದ್ರ ನಾಳೆ ಗೌಡ್ರು ಮುಯ್ಯಿ ತೀರ್ಸೂದು ಹ್ಯಾಂಗ?" ಎಂದ ಮಡಿವಾಳೆಪ್ಪ, ಅದನ್ನೂ ಮೈಕಿನಲ್ಲೇ. ಎಣಿಸಿದ. ಅನುಮಾನ ಬಂದು ಮತ್ತೆ ಎಣಿಸಿದ. "ಡಾಕ್ಟರ ಸಂಘದ್ದು ಸಾವಿರದಾ ಒಂದು ರೂಪಾಯಿ!"

ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಸೋದರಮಾವ ತನ್ನ ಸೀರೆಯ ಕಡೆ ನೋಡಿ ತಲೆ ತಗ್ಗಿಸಿದ. ಶಂಭುಲಿಂಗಪ್ಪ ನಿಧಾನಕ್ಕೆ ಎದ್ದು ನಿಂತ.

"ಹುಡಿಗೀನ ಎತ್ತಿ ಆಡಿಸಿದ ಮಾವಾನ ಒಂದು ಸೀರಿ ಕೊಟ್ಟಾನ. ನಿಮ್ದು ಇದು ಯಾ ಬಾಬತ್ತಿನ ಆಯಾರ ರೀ ಡಾಕ್ಟ್ರ?"

ಸತ್ಯ ಹೇಳಿದರೆ ಊರು ಕಲ್ಲು ಹೊಡೆಯುತ್ತಿತ್ತು. ಸುಮ್ಮನಿದ್ದರೆ ಶಂಭುಲಿಂಗಪ್ಪನ ಕಡೆಯವರು ಇನ್ನೆಂದೂ ಅವರ ಹೊಸ್ತಿಲು ತುಳಿಯುತ್ತಿರಲಿಲ್ಲ. ಸಿಕ್ಕಿಬಿದ್ದ ಮನುಷ್ಯ ಜೀವ ಉಳಿಸಿಕೊಳ್ಳಲು ಏನು ಬೇಕಾದರೂ ಹೇಳುತ್ತಾನೆ, ಒಳ್ಳೆಯ ಮಾತನ್ನು ಕೂಡ.

"ಊರಿಗೆ ದವಾಖಾನಿ ಲಗೂ ಬರ್ಲಿ ಅಂತ್ರಿ," ಎಂದುಬಿಟ್ಟರು. "ಯಾರರೆ ಆರಿಸಿ ಬರ್ರಿ, ಅದೊಂದು ಮಾಡ್ರಿ."

ಈರಬಸಪ್ಪ ಗೌಡರು ಮೈಕು ಕಸಿದುಕೊಂಡರು. "ಕೇಳಿದ್ರ್ಯಾ? ತಮ್ಮ ಹೊಟ್ಟಿ ಮ್ಯಾಲ ತಾವ ಕಲ್ಲು ಹಾಕ್ಕೊಂಡು ಬಡವರ ಸಲುವಾಗಿ ಬಂದಾರ! ನಾ ಗೆದ್ರ ಈ ಮುಯ್ಯಿ ತೀರಿಸ್ತೀನಿ. ಅವರ ಬಾಗಲಾ ಎದುರಿಗೇ ಕಟ್ಟಿಸ್ತೀನಿ!" ಗೌಡರು ಒಂದು ಹಾರ ಹಾಕಿದರು. ತಾನು ಕಡಿಮೆಯಾಗಬಾರದೆಂದು ಶಂಭುಲಿಂಗಪ್ಪನೂ ಒಂದು ಹಾಕಿದ.

"ಸ್ಟೇಷನ್ ಆಚೆ ಆತೇನ್ರಿ?" ಎಂದು ನರ್ಮದಾಬಾಯಿ ಮನೆಯ ಬಾಗಿಲಲ್ಲೇ ಕೇಳಿದರು.

"ಮೊದ್ಲ ಈ ಹಾರ ತಗಿ," ಎಂದರು ಡಾಕ್ಟರು.

ಗೌಡರು ಗೆದ್ದರು. ಮಾತಿಗೆ ತಪ್ಪುವ ರಾಜಕಾರಣಿಗಳೇ ತುಂಬಿದ ದೇಶದಲ್ಲಿ ಮಾತು ಉಳಿಸಿಕೊಂಡ ಒಬ್ಬನೇ ಒಬ್ಬ ತಮ್ಮ ಪಾಲಿಗೆ ಬಂದನಲ್ಲ ಎಂದು ಪ್ರಭಂಜನ ಡಾಕ್ಟರು ಹಣೆ ಹಣೆ ಬಡಿದುಕೊಂಡರು. ಮರುವರ್ಷ ಎದುರಿನ ಬಯಲಿನಲ್ಲಿ ಕಟ್ಟಡ ಎದ್ದಿತು. ಕಟ್ಟಡ ಬಂತು, ಸರಕಾರಿ ಡಾಕ್ಟರು ಬರಲಿಲ್ಲ. ಅವರು ಬರುವ ತನಕ ಮುಂಜಾನೆ ಹೊತ್ತು ನೀವೇ ಕೂಡ್ರಿ, ಕೇಳಿದವರು ನೀವೇ ಅಲ್ಲವೇ ಎಂದು ಗೌಡರು ಹೇಳಿ ಕಳಿಸಿದರು. ಪಗಾರದ ಮಾತು ಬರಲಿಲ್ಲ.

ಹೀಗೆ ಪ್ರಭಂಜನ ಡಾಕ್ಟರು ಸರಕಾರದ ಖುರ್ಚಿಯಲ್ಲಿ ಕೂತು, ರಸ್ತೆಯಾಚೆ ಕೀಲಿ ಹಾಕಿದ ತಮ್ಮದೇ ದವಾಖಾನೆಯ ಬಾಗಿಲನ್ನು ನೋಡುವ ಹಾಗಾಯಿತು. ಕೈಯಿಂದ ದುಡ್ಡು ಕೊಟ್ಟು ಇಷ್ಟು ಚೆನ್ನಾಗಿ ಹಾಳಾಗಲಿಕ್ಕೆ ಎಲ್ಲರಿಗೂ ಬರುವುದಿಲ್ಲ ಎಂದುಕೊಂಡು ಒಬ್ಬರೇ ನಕ್ಕರು.

ಮೊದಲು ಒಳಗೆ ಬಂದವಳು ಜುಲೇಖಾಬಿ. ಅವರು ಎಂದೂ ನೋಡದ ಮುಖ. ಪಕ್ಕದಲ್ಲಿ ಎಲುಬು ಎಣಿಸಬಹುದಾದಂಥ ಪುಟ್ಟ ಮಗಳು.

"ಕೆಮ್ಮು ಯಾವಾಗಿಂದ?"

"ಹೋದ ಮಳಿಗಾಲದಿಂದ್ರಿ."

ಡಾಕ್ಟರು ಸಿಡುಕಿದರು. "ಇಷ್ಟು ದಿನಾ ಏನ್ ಮಾಡ್ತಿದ್ದಿ? ಯಾ ಊರು?"

ಜುಲೇಖಾಬಿ ರಸ್ತೆಯಾಚೆ ಅವರದೇ ಬೋರ್ಡಿನ ಕಡೆ ಕೈ ತೋರಿಸಿದಳು. "ನಿಮ್ಮ ಮನಿ ಹಿಂದಿನ ಗ್ವಾಡಿ ಐತಲ್ರಿ, ಅದರ ಆಚೆ ನಮ್ಮ ಮನಿ. ಎರಡು ರೂಪಾಯಿ ಕೊಡೂ ಮಂದಿ ಅಲ್ರಿ ನಾವು. ಇಕಿ ಕೆಮ್ಮಿದ್ರ ನಿಮ್ಮ ನಿದ್ದಿ ಕೆಡ್ತದಂತ ಬಾಯಿಗೆ ಸೆರಗು ಹಿಡೀತಿದ್ದೆ."

ಡಾಕ್ಟರಿಗೆ ಈಗ ನಗು ಬರಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು, ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಬೆನ್ನಿಗೆ ಹಚ್ಚಿದರು.

"ಕೆಮ್ಮವಾ," ಎಂದರು.

ಹುಡುಗಿ ಕೆಮ್ಮಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಾಯಿಯ ಮುಖ ನೋಡಿತು.