ಹತ್ತುವ ಟೈರು

ಚಾಂದ್ ಪಾಷಾ ಜೀಪಿನ ಕೆಳಗಿನಿಂದ ಹೊರಬಂದು, ಕೈ ಒರೆಸಿಕೊಳ್ಳುತ್ತ, ಬೇಡವೆಂದು ತಲೆಯಾಡಿಸಿದ. ಶಿವಾಜಿನಗರದಲ್ಲಿ ಮೂವತ್ತು ವರ್ಷದಿಂದ ಟೈರು ಹಾಕುತ್ತಿದ್ದ ಮನುಷ್ಯ. ನೋಡೋಣವೆಂದು ಮುಂದಿನ ಚಕ್ರಕ್ಕೆ ಅಗಲದ ಟೈರು ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದ. ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಉಳಿದಿರಲಿಲ್ಲ. ನಾಲ್ಕು ಜನ ಕೂತು ಗಾಡಿ ತಗ್ಗಿದರೆ ಪೈಪು ಉಜ್ಜಿ ಉಜ್ಜಿ ಹರಿಯುತ್ತದೆ, ಆಮೇಲೆ ಬ್ರೇಕೇ ಹಿಡಿಯುವುದಿಲ್ಲ, ಒಂದು ಸೈಜು ಕಡಿಮೆ ತೆಗೆದುಕೊಳ್ಳಲಿ ಎಂದು ಮಾಲೀಕರಿಗೆ ಹೇಳು ಎಂದ.

ಆ ಮಾತು ಹೊತ್ತು ಹೋದವನು ಡ್ರೈವರ್ ಶಿವಪುತ್ರ. ಚಿಂಚೋಳಿ ಕಡೆಯವನು, ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಮಾಲೀಕ ಸುನಿಲ್ ರಸ್ತೆಯಾಚೆ ಮೊಬೈಲಿನಲ್ಲಿ ಮಾತಾಡುತ್ತ ನಿಂತಿದ್ದ. ಹೊರಮಾವಿನಲ್ಲಿ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅಪಾರ್ಟ್‌ಮೆಂಟು ಎದ್ದ ಮೇಲೆ ಅವನಿಗೆ ದೊಡ್ಡ ಗಾಡಿಯ ಹುಚ್ಚು ಹಿಡಿದಿತ್ತು. ಗಾಡಿ ಸಾಲದೆ ಈಗ ಟೈರೂ ದೊಡ್ಡದಾಗಬೇಕಿತ್ತು. ಟೈರು ಪೈಪಿಗೆ ತಗಲುತ್ತದೆ ಎಂಬುದನ್ನು ಶಿವಪುತ್ರ ತನ್ನ ಊರಿನ ಬಾಯಲ್ಲಿ ಹೇಳಿದ:

"ಸಾವ್ಕಾರ್ರ, ಆ ಟೈರ್ ಹಾಕಿದ್ರ ಹತ್ತತದ ರೀ."

ಸುನಿಲ್ ಫೋನು ಕಿವಿಯಿಂದ ತೆಗೆಯದೆಯೇ ನಕ್ಕ. "ಹತ್ಲಿ ಬಿಡು. ಚೆನ್ನಾಗಿ ಹತ್ಲಿ. ಭಾನುವಾರ ಎಲ್ರೂ ನಂದಿ ಬೆಟ್ಟಕ್ಕೆ ಹೋಗೋಣ."

ಶಿವಪುತ್ರನಿಗೆ ನಂಬಲಾಗಲಿಲ್ಲ. ಅಷ್ಟೊಂದು ತಿರುವುಗಳ ರಸ್ತೆ, ಮನೆಮಂದಿಯೆಲ್ಲ ಗಾಡಿಯಲ್ಲಿ, ಈ ಮನುಷ್ಯ ಹತ್ತಲಿ ಬಿಡು ಎನ್ನುತ್ತಾನಲ್ಲ! ಎರಡನೇ ಸಲ ಹೇಳುವ ಧೈರ್ಯ ಬರಲಿಲ್ಲ. ಹಿಂದಿನ ಡ್ರೈವರು ಏಸಿಯ ವಿಷಯಕ್ಕೆ ಎದುರು ಮಾತಾಡಿ ಆ ಸಂಜೆಯೇ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ. ಅದನ್ನೇ ಹಾಕಬೇಕಂತೆ ಎಂದು ಚಾಂದ್ ಪಾಷಾನಿಗೆ ತಿಳಿಸಿದ. ಆತ ಎರಡು ಸಲ ಕೇಳಿ, ನಿಮ್ಮಿಷ್ಟ ಎಂದು ನಾಲ್ಕೂ ಚಕ್ರಕ್ಕೆ ಹಾಕಿಕೊಟ್ಟ.

ಮುಂದಿನ ಮೂರು ದಿನ ಶಿವಪುತ್ರ ಗಾಡಿ ಓಡಿಸಿದನೋ ಜೀವ ಕೈಯಲ್ಲಿ ಹಿಡಿದು ಕೂತನೋ ಹೇಳುವುದು ಕಷ್ಟ. ಸುನಿಲನ ಐದು ವರ್ಷದ ಮಗಳನ್ನು ದಿನಾ ಇಂದಿರಾನಗರದ ಸ್ಕೂಲಿಗೆ ಬಿಡಬೇಕಿತ್ತು. ಒಂದೇ ಏಟಿಗೆ ತಿರುಗಿಸುವ ಕಡೆ ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸಿದ. ಹಿಂದಿನ ಗಾಡಿಗಳವರು ಅವನ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡರು. ಹಾಗೆ ಮಾಡಿದರೂ ಒಮ್ಮೊಮ್ಮೆ ಕೆಳಗಿನಿಂದ ಸರ್ರ್ ಎಂದು ಉಜ್ಜುವ ಸದ್ದು ಬರುತ್ತಿತ್ತು. ಮಗು ಹಿಂದಿನ ಸೀಟಿನಲ್ಲಿ ಮಗ್ಗಿ ಹೇಳುತ್ತಿತ್ತು. ಶನಿವಾರ ಬಗ್ಗಿ ನೋಡಿದಾಗ ಪೈಪಿನ ಒಂದು ಮಗ್ಗುಲು ಸವೆದು ಒಳಗಿನ ನೂಲು ಕಾಣುತ್ತಿತ್ತು.

ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಹೆಂಡತಿ ನಾಗರತ್ನಾ, ಇನ್ನೊಮ್ಮೆ ಹೇಳಿ ನೋಡಿ ಎಂದಳು. ಗೊತ್ತಿದ್ದೂ ಹತ್ತಲಿ ಅನ್ನುವವನಿಗೆ ಏನು ಹೇಳುವುದು ಎಂದು ಇವನು ಗೋಡೆ ಕಡೆ ತಿರುಗಿ ಮಲಗಿದ.

ಭಾನುವಾರ ಬೆಳಗ್ಗೆ ಮನೆಯಂಗಳದಲ್ಲಿ ಬುತ್ತಿ ಡಬ್ಬಿಗಳ ಸಮೇತ ಸುನಿಲ್, ಅವನ ತಾಯಿ ದೊಡ್ಡಮುನಿಯಮ್ಮ, ಹೆಂಡತಿ ಹಂಸ, ಮಗು, ಎಲ್ಲರೂ ಹತ್ತಿ ಕೂತರು. ಗಾಡಿ ತಗ್ಗಿತು. ಶಿವಪುತ್ರ ಸ್ಟಿಯರಿಂಗ್ ತಿರುಗಿಸಿದ. ಟೈರು ಪೈಪಿಗೆ ಒತ್ತಿಕೊಂಡದ್ದು ಅಂಗೈಗೇ ತಿಳಿಯಿತು. ಅವನು ಇಂಜಿನ್ ಆರಿಸಿ, ಕೀ ಕಿತ್ತುಕೊಂಡು ಕೆಳಗಿಳಿದ.

"ನಾ ಹೊಡಿಯಲ್ಲ ರೀ. ಎಲ್ಲರೂ ಇಳೀರಿ."

ಸುನಿಲನಿಗೆ ಸಿಟ್ಟು ಬಂತು. ಕೀ ಕೊಟ್ಟು ಮನೆಗೆ ನಡೆ ಎಂದ. ಶಿವಪುತ್ರ ಕೊಡಲಿಲ್ಲ. ಬಗ್ಗಿ ಚಕ್ರದ ಒಳಗೆ ತೋರಿಸಿದ.

"ನೋಡ್ರಿ, ಇಲ್ಲಿ ಹತ್ತತದ. ಬ್ರೇಕಿನ ಪೈಪ್ ಹರೀತದ. ಅವತ್ತೇ ಹೇಳಿದ್ದೆ. ಕೂಸಿರೋ ಗಾಡಿಗಿ ಹತ್ಲಿ ಬಿಡು ಅಂದ್ರಿ."

ಸುನಿಲ್ ಬಗ್ಗಿ ನೋಡಿದ. ಮೇಲೆದ್ದಾಗ ಅವನ ದನಿ ಸಣ್ಣದಾಗಿತ್ತು. "ಹತ್ತೋದು ಅಂದ್ರೆ... ತಗಲೋದಾ? ನಾನು ಬೆಟ್ಟ ಹತ್ತುತ್ತೆ ಅಂತ ತಿಳ್ಕೊಂಡ್ನಲ್ಲೋ."

ಎಲ್ಲರೂ ಇಳಿದ ಮೇಲೆ ಸುನಿಲ್ ಅವನಿಂದ ಕೀ ತೆಗೆದುಕೊಂಡು ತಾನೇ ಒಳಗೆ ಕೂತು, ನಿಂತ ಗಾಡಿಯಲ್ಲೇ ಇಂಜಿನ್ ಚಾಲೂ ಮಾಡಿ ಬ್ರೇಕನ್ನು ಬಲವಾಗಿ ಒತ್ತಿದ. ಪೈಪು ಒಡೆಯಿತು. ಪೆಡಲು ಕಾಲಡಿಯಲ್ಲಿ ಕುಸಿಯಿತು. ಅಂಗಳದ ಸಿಮೆಂಟಿನ ಮೇಲೆ ಎಣ್ಣೆ ಹರಿಯತೊಡಗಿತು. ದೊಡ್ಡಮುನಿಯಮ್ಮ ಮೊಮ್ಮಗಳನ್ನು ಎಳೆದು ಸೊಂಟಕ್ಕೆ ಅವಚಿಕೊಂಡಳು.

ಸುನಿಲ್ ಗಾಡಿಯಿಂದ ಇಳಿದು ಶಿವಪುತ್ರನ ಎದುರು ನಿಂತ. ಕೇಳಿದ: "ಮೂರು ದಿನ ನಾನು ಮಗು ಇದ್ರೂ ಹತ್ಲಿ ಅನ್ನೋ ಅಂಥೋನು ಅಂತ ನಂಬ್ಕೊಂಡಿದ್ಯಾ?"

"ಹೂಂ ರೀ."

"ನಂಬ್ಕೊಂಡೂ ಮಗೂನ ಇದ್ರಲ್ಲೇ ಸ್ಕೂಲಿಗೆ ಕರ್ಕೊಂಡು ಹೋದ್ಯಾ?"

ಮೂರು ದಿನ ಅವನನ್ನು ತಿಂದದ್ದು ಪೈಪಿನ ಭಯವೆಂದೇ ಶಿವಪುತ್ರ ತಿಳಿದಿದ್ದ. ಅದಕ್ಕಿಂತ ದೊಡ್ಡ ಭಯ ಕೆಲಸ ಹೋದೀತೆಂಬುದಾಗಿತ್ತು. ಆ ಭಯದ ಮಾತು ಕೇಳಿಯೇ ಅವನು ಮಗುವನ್ನು ಆ ಸೀಟಿನಲ್ಲಿ ಕೂರಿಸಿದ್ದ. ಮಗುವಿನ ಮುಖ ನೋಡಲಾಗದೆ ಶಿವಪುತ್ರ ಅಲ್ಲೇ ಚಕ್ರದ ಪಕ್ಕ ಕುಸಿದು ಕೂತ.