ಶಂಭುಲಿಂಗಪ್ಪ ಓದಲು ಕೊಟ್ಟ ಕಥೆ

ಬಸವರಾಜೇಶ್ವರಿ ತಂದಿದ್ದ ಹಾಳೆಗಳ ಕಟ್ಟನ್ನು ಸಿದ್ದಬಸಪ್ಪ ಎರಡು ಬೆರಳಲ್ಲಿ ಎತ್ತಿ ಹಿಡಿದಾಗ ಶಂಭುಲಿಂಗಪ್ಪನ ಬಾಯಿ ತುಂಬ ಉಪ್ಪಿಟ್ಟಿತ್ತು. ಮಾತಾಡದಿರಲು ಅದೊಂದು ನೆಪ. ನಿಧಾನವಾಗಿ ಅಗಿದ.

“ಏನ್ ಮೇಡಂ ಇದು, ಕ್ವಶ್ಚನ್ ಪೇಪರ್ ಇದ್ದ ಹಾಗಿದೆ?”

“ಕಥೆ ಸಾರ್. ಸೈಕ್ಲೋಸ್ಟೈಲ್ ಮಾಡಿದಾರೆ,” ಎಂದಳು ಬಸವರಾಜೇಶ್ವರಿ.

ರಾಜಾಜಿನಗರದ ಸಿದ್ದಬಸಪ್ಪನ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಕಾಲೇಜಿನ ಕೆಲವರು ಸೇರುತ್ತಿದ್ದರು. ತಾನು ಓದಿ ಮೆಚ್ಚಿದ್ದನ್ನು ಒಬ್ಬೊಬ್ಬರೂ ಉಳಿದವರಿಗೆ ಹೇಳಬೇಕು. ಸಿದ್ದಬಸಪ್ಪ ಕನ್ನಡ ವಿಭಾಗದ ಮುಖ್ಯಸ್ಥ. ಅವನು ತಲೆಯಾಡಿಸಿದ್ದು ಸಾಹಿತ್ಯ, ಉಳಿದದ್ದು ಟೈಂಪಾಸು. ಇಂಗ್ಲಿಷ್ ಕಲಿಸುವ ಬಸವರಾಜೇಶ್ವರಿ, ಗಂಡ ತೀರಿಕೊಂಡ ಮೇಲೆ ಈ ಕೂಟಕ್ಕೆ ಬಂದದ್ದು ಇವತ್ತೇ ಮೊದಲು.

“ಅಮೆರಿಕದ ಟೀವಿಲಿ ಒಂದು ಸೀರಿಯಲ್ ಬರ್ತಿತ್ತಂತೆ. ನಕ್ಷತ್ರಗಳ ಮಧ್ಯೆ ಓಡಾಡೋ ಹಡಗಿನ ಕಥೆ. ಅದು ನಿಂತುಹೋದ್ಮೇಲೆ ನೋಡ್ತಿದ್ದವರೇ ಆ ಪಾತ್ರಗಳನ್ನಿಟ್ಕೊಂಡು ಕಥೆ ಬರೆದು ಹಂಚ್ಕೊಂಡಿದಾರೆ. ಇದನ್ನ ಬರೆದಿರೋದು ಯಾರೋ ನರ್ಸು.”

“ನಮ್ಮೂರಿಗೆ ಟೀವಿನೇ ಬಂದಿಲ್ಲ, ಅದರ ಎಂಜಲು ಮೊದಲು ಬಂತು,” ಎಂದ ಸಿದ್ದಬಸಪ್ಪ.

ಎಲ್ಲರೂ ನಕ್ಕರು. ತಾನೂ ನಕ್ಕದ್ದು ಶಂಭುಲಿಂಗಪ್ಪನಿಗೆ ಆಮೇಲೆ ತಿಳಿಯಿತು.

ಆ ಹಾಳೆಗಳನ್ನು ಬಸವರಾಜೇಶ್ವರಿಗೆ ಕೊಟ್ಟವನು ಅವನೇ. ಭೌತಶಾಸ್ತ್ರದ ಡಾಕ್ಟರೇಟಿಗೆಂದು ಅಮೆರಿಕಕ್ಕೆ ಹೋಗಿ, ಅದು ಮುಗಿಯದೆ ಮರಳುವಾಗ ಪೆಟ್ಟಿಗೆಯ ತಳದಲ್ಲಿ ತಂದದ್ದು. ಅಲ್ಲಿ, ಮಾತಾಡಿಸುವವರಿಲ್ಲದ ಸಂಜೆಗಳಲ್ಲಿ, ಆ ಹಡಗಿನವರೇ ಅವನ ಪರಿಚಿತರು. ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಮೊನ್ನೆ ಸ್ಟಾಫ್ ರೂಮಿನಲ್ಲಿ ಬಸವರಾಜೇಶ್ವರಿ ಟಿಫಿನ್ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು. “ಓದಿ ನೋಡಿ ಮೇಡಂ, ನನಗೆ ತುಂಬ ಇಷ್ಟ,” ಎಂದು ಕೊಟ್ಟುಬಿಟ್ಟಿದ್ದ. ಲೆಕ್ಕಾಚಾರವಿಲ್ಲದೆ ಅವನು ಆಡಿದ ಮಾತುಗಳು ಹೆಚ್ಚಿರಲಿಲ್ಲ.

“ಹಡಗಿನಲ್ಲಿ ಒಬ್ಬಳು ಡಾಕ್ಟರ್ ಇದಾಳೆ,” ಬಸವರಾಜೇಶ್ವರಿ ಮುಂದುವರಿಸಿದಳು. “ಅವಳ ಜೊತೆಗಾರ ಸತ್ತಿರ್ತಾನೆ. ಮಾರನೇ ದಿನ ಅಭ್ಯಾಸಬಲದಿಂದ ಎರಡು ತಟ್ಟೆ ಹಾಕ್ತಾಳೆ. ಗೊತ್ತಾದ್ಮೇಲೂ ಒಂದನ್ನ ತೆಗೆಯಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ತಿಂತಾಳೆ. ಅಷ್ಟೇ. ನೀವೆಲ್ಲ ಓದ್ಬೇಕು ಅನ್ನಿಸ್ತು.”

ಯಾರೋ ತಟ್ಟೆಯನ್ನು ಕೆಳಗಿಟ್ಟರು.

“ನಿಮಗೆ ಯಾರು ಕೊಟ್ಟಿದ್ದು ಇದನ್ನ?” ಸಿದ್ದಬಸಪ್ಪ ಕೇಳಿದ.

ಅವಳು ಶಂಭುಲಿಂಗಪ್ಪನ ಕಡೆ ನೋಡಿದಳು, ತನ್ನವರೊಬ್ಬರನ್ನು ನೋಡುವ ಹಾಗೆ. ಅವನ ಬಾಯಲ್ಲಿ ಈಗ ಉಪ್ಪಿಟ್ಟಿರಲಿಲ್ಲ.

“ನಾನೇ ಸಾರ್. ತಮಾಷೆಗೆ ಕೊಟ್ಟಿದ್ದು. ಅಲ್ಲಿನವರು ಎಂಥ ಕಸ ಓದ್ತಾರೆ ನೋಡ್ಲಿ ಅಂತ. ಮೇಡಂ ಸೀರಿಯಸ್ಸಾಗಿ ತಗೊಂಡ್ಬಿಟ್ರು.”

ಈ ಸಲದ ನಗು ಹೆಚ್ಚು ಹೊತ್ತು ನಡೆಯಿತು. ಬಸವರಾಜೇಶ್ವರಿಯೂ ನಗಲು ನೋಡಿದಳು.

“ಹೌದಾ,” ಎಂದು ಕಟ್ಟನ್ನು ವಾಪಸು ತೆಗೆದುಕೊಂಡಳು. “ನನಗೆ ಗೊತ್ತಾಗ್ಲಿಲ್ಲ.”

ಕಾಫಿ ಬಂತು. ಮುಂದಿನವನು ಯಾವುದೋ ಯುರೋಪಿನ ಕಾದಂಬರಿಯ ಬಗ್ಗೆ ಶುರುಮಾಡಿದ. ಶಂಭುಲಿಂಗಪ್ಪ ತಲೆಯಾಡಿಸಬೇಕಾದ ಕಡೆಯಲ್ಲೆಲ್ಲ ಆಡಿಸಿದ.

ಸಂಜೆ ಗೇಟಿನ ಹೊರಗೆ ಅವಳ ಹಿಂದೆಯೇ ಹೋದ.

“ಮೇಡಂ, ನಾನು ಒಳಗೆ ಹೇಳಿದ್ದು...”

“ಪರವಾಗಿಲ್ಲ ಸಾರ್.”

“ಹಾಗಲ್ಲ. ಆ ಕಥೆ ನನಗೂ...”

ಅವಳು ಕಾದಳು. ಅಷ್ಟರಲ್ಲಿ ಸಿದ್ದಬಸಪ್ಪ ಜಗಲಿಗೆ ಬಂದ. ಶಂಭುಲಿಂಗಪ್ಪ ವಾಕ್ಯವನ್ನು ಮುಗಿಸಲಿಲ್ಲ.

“ತಗೊಳ್ಳಿ,” ಎಂದು ಅವಳು ಕಟ್ಟನ್ನು ಚಾಚಿದಳು.

“ನೀವೇ ಇಟ್ಕೊಳ್ಳಿ.”

“ಬೇಡ ಸಾರ್. ಇನ್ನು ಅದನ್ನ ಓದೋಕಾಗಲ್ಲ.”

ಅವಳು ಬಸ್ ಸ್ಟಾಪಿನ ಕಡೆ ನಡೆದಳು. ಹೋಗಿ ಹೇಳಬಹುದಿತ್ತು. ಅವನು ಕಾರ್ಡ್ ರೋಡ್ ದಾಟಿ ಬಸವೇಶ್ವರನಗರದ ಕಡೆ ತಿರುಗಿದ. ಅಚ್ಚಾದ ಬದಿ ಕಾಣದ ಹಾಗೆ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದಿದ್ದ.

ಅರ್ಧ ಕಟ್ಟಿದ ಮನೆಯೊಂದರ ಮುಂದೆ ದೃಷ್ಟಿಬೊಂಬೆ ತೂಗುಬಿಟ್ಟಿದ್ದರು. ಒಳಗೆ ಹುಲ್ಲು ತುಂಬಿದ ಹಳೆಯ ಪ್ಯಾಂಟು, ತುಂಬುತೋಳಿನ ಬಿಳಿ ಶರ್ಟು. ತಲೆಯ ಜಾಗದಲ್ಲಿ ಮಡಕೆ, ಅದರ ಮೇಲೆ ಸುಣ್ಣದಲ್ಲಿ ಬರೆದ ಹಲ್ಲುಗಳು, ಸಿದ್ದಬಸಪ್ಪನ ಮನೆಯಲ್ಲಿ ನಕ್ಕವರ ಹಾಗೆ. ಗಾಳಿಗೆ ಅದು ತಿರುಗಿದಾಗ ಬರೀ ಕಪ್ಪು ಮಡಕೆ ಕಂಡಿತು. ಮತ್ತೆ ತಿರುಗಿತು.

“ಯಾರು ಬೇಕಾಗಿತ್ತು ಸಾರ್?” ಇಟ್ಟಿಗೆಯ ರಾಶಿಯ ಹಿಂದಿನಿಂದ ಕಾವಲುಗಾರ ಕೇಳಿದ.

“ಯಾರೂ ಇಲ್ಲ.”

ಅದು ಇನ್ನೊಮ್ಮೆ ಆಚೆ ತಿರುಗಿದರೆ ಹೊರಡೋಣವೆಂದು ನಿಂತ. ಗಾಳಿ ನಿಂತುಹೋಗಿತ್ತು. ಬೊಂಬೆ ಅವನ ಕಡೆಗೇ ಹಲ್ಲು ಬಿಟ್ಟುಕೊಂಡು ಅಲುಗದೆ ನೇತಾಡುತ್ತಿತ್ತು.